ಹೊಟ್ಟೆ ಕೊಯ್ಯದೆ ಗರ್ಭಕೋಶ ತೆಗೆಯುವ ರೋಬೋಟ್ ಆಪರೇಷನ್: ಒಪಿಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಸ್ತ್ರೀರೋಗ ವಿಭಾಗದ ಕುರ್ಚಿಯಲ್ಲಿ ಕೂತು ವರ್ಷಗಳಾದವು. ಬರುವವರು ಬಹಳ ಮಂದಿ ಮಂಡ್ಯ, ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆಯವರು. ಈಚೆಗೆ ಒಬ್ಬರಲ್ಲ ಒಬ್ಬರು ಮೊಬೈಲ್ ಮುಂದೆ ಹಿಡಿದು "ಇದ್ ಮಾಡ್ತೀರಾ ಮೇಡಂ, ಗಾಯಾನೇ ಇಲ್ವಂತೆ" ಅನ್ನುತ್ತಾರೆ. ಅವರು ತೋರಿಸುವುದು ಯೋನಿಯ ಮೂಲಕವೇ ಯಂತ್ರದ ಕೈಗಳನ್ನು ಒಳಗೆ ಬಿಟ್ಟು ಗರ್ಭಕೋಶ ತೆಗೆಯುವ ಆಪರೇಷನ್. ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು, ನಾನು ಕೊಡುವ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ನಿಮ್ಮನ್ನು ಪರೀಕ್ಷೆ ಮಾಡಿದ ವೈದ್ಯರ ಮಾತಿಗೆ ಇದು ಬದಲಿಯಲ್ಲ.

ರೋಬೋಟೇ ಆಪರೇಷನ್ ಮಾಡುತ್ತಾ? ಡಾಕ್ಟ್ರು ಸುಮ್ನೆ ನೋಡ್ತಾ ಕೂತಿರ್ತಾರಾ?

ಇಲ್ಲ. ಆ ಯಂತ್ರಕ್ಕೆ ತಾನಾಗಿ ಒಂದು ನೂಲು ಕತ್ತರಿಸಲೂ ಬರುವುದಿಲ್ಲ. ಅದೇ ಥಿಯೇಟರಿನಲ್ಲಿ, ನಿಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಸರ್ಜನ್ ಯಂತ್ರ ನಡೆಸುವ ಕನ್ಸೋಲ್ ಮುಂದೆ ಕೂತಿರುತ್ತಾರೆ. ಅವರ ಬೆರಳು ಹೇಗೆ ತಿರುಗುತ್ತದೋ ಒಳಗಿರುವ ಸಣ್ಣ ಉಪಕರಣವೂ ಹಾಗೇ ತಿರುಗುತ್ತದೆ. ನಿಮ್ಮ ಪಕ್ಕದಲ್ಲಿ ಇನ್ನೊಬ್ಬ ವೈದ್ಯರು, ನರ್ಸು, ಅರಿವಳಿಕೆ ವೈದ್ಯರು ನಿಂತೇ ಇರುತ್ತಾರೆ.

ಯಂತ್ರದಿಂದ ಲಾಭ ಏನೆಂದರೆ ಮಣಿಕಟ್ಟು. ಮಾಮೂಲಿ ಲ್ಯಾಪ್ರೋಸ್ಕೋಪಿಯ ಉಪಕರಣ ಉದ್ದನೆಯ ನೇರ ಕಡ್ಡಿ. ಬಾವಿಗೆ ದೊಣ್ಣೆ ಇಳಿಬಿಟ್ಟು ಕೆಲಸ ಮಾಡಿದ ಹಾಗೆ. ರೋಬೋಟಿನ ಉಪಕರಣದ ತುದಿ ನಮ್ಮ ಕೈಯಂತೆ ಮಡಚುತ್ತದೆ. ಕೈ ನಡುಗಿದರೂ ಆ ನಡುಕ ಒಳಗೆ ಹೋಗುವುದಿಲ್ಲ. ಚಿತ್ರ ದೊಡ್ಡದಾಗಿ, ಆಳ ಗೊತ್ತಾಗುವ ಹಾಗೆ ಕಾಣುತ್ತದೆ. ಒಂದು ಕೊರತೆಯೂ ಇದೆ: ಹೆಚ್ಚಿನ ಯಂತ್ರಗಳಲ್ಲಿ ಸರ್ಜನ್ನರಿಗೆ ಮುಟ್ಟಿದ ಅನುಭವ ಬರುವುದಿಲ್ಲ. ದಾರ ಎಷ್ಟು ಬಿಗಿಯಾಯಿತು ಎಂಬುದನ್ನು ಕಣ್ಣಲ್ಲೇ ಅಳೆಯಬೇಕು. ಅದಕ್ಕೆ ಅಭ್ಯಾಸ ಬೇಕು, ಯಂತ್ರ ಕೊಂಡ ಮಾತ್ರಕ್ಕೆ ಬರುವುದಿಲ್ಲ.

ಹೊಟ್ಟೆ ಕೊಯ್ಯದೆ ಹೇಗೆ ತೆಗೀತಾರೆ?

ಮಗು ಬರುವ ದಾರಿಯಲ್ಲೇ. ಪೂರ್ತಿ ಅರಿವಳಿಕೆ ಕೊಟ್ಟು, ಹೆರಿಗೆಗೆ ಮಲಗಿಸುವ ಹಾಗೆ ಕಾಲು ಎತ್ತಿ ಮಲಗಿಸುತ್ತಾರೆ. ಗರ್ಭಕೋಶದ ಬಾಯಿಯ ಸುತ್ತ ಬಳೆಯಾಕಾರದಲ್ಲಿ ಕತ್ತರಿಸಿ, ಮುಂದೆ ಮೂತ್ರಕೋಶವನ್ನೂ ಹಿಂದೆ ಗುದನಾಳವನ್ನೂ ಬಿಡಿಸಿ ದಾರಿ ಮಾಡಿಕೊಳ್ಳುತ್ತಾರೆ. ಇಷ್ಟರವರೆಗೆ ಹಳೆಯ ಕಾಲದ ಆಪರೇಷನ್ನೇ, ಕೈಯಲ್ಲೇ ಮಾಡುವುದು. ಆಮೇಲೆ ಯೋನಿಯಲ್ಲಿ ಒಂದು ಉಂಗುರ ಕೂರಿಸಿ, ಅದಕ್ಕೆ ಜೆಲ್ಲಿಯಂಥ ಮುಚ್ಚಳ ಹಾಕುತ್ತಾರೆ. ಆ ಮುಚ್ಚಳದ ಮೂಲಕ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿದರೆ ಒಳಗೆ ಜಾಗ ಬಿಚ್ಚಿಕೊಳ್ಳುತ್ತದೆ. ಕ್ಯಾಮೆರಾ, ಉಪಕರಣಗಳು ಒಳಗೆ ಹೋಗುತ್ತವೆ. ಹೊಟ್ಟೆಯ ಕಡೆಯಿಂದ ಮಾಡುವಾಗ ಮೇಲಿನಿಂದ ಕೆಳಗೆ ಬರುತ್ತೇವೆ, ಇಲ್ಲಿ ಕೆಳಗಿನಿಂದ ಮೇಲಕ್ಕೆ. ಗರ್ಭಕೋಶಕ್ಕೆ ರಕ್ತ ಕೊಡುವ ದೊಡ್ಡ ನಾಳಗಳು ಮೊದಲೇ ಸಿಗುತ್ತವೆ, ಅವನ್ನು ಸುಟ್ಟು ಮುಚ್ಚಿದರೆ ಮುಂದಿನ ಕೆಲಸದಲ್ಲಿ ರಕ್ತ ಕಡಿಮೆ. ಕೊನೆಗೆ ಗರ್ಭಕೋಶ ಅದೇ ದಾರಿಯಲ್ಲಿ ಹೊರಗೆ. ಯೋನಿಯ ಮೇಲ್ತುದಿಯನ್ನು ತಾನಾಗಿ ಕರಗುವ ದಾರದಲ್ಲಿ ಹೊಲಿಯುತ್ತಾರೆ.

ಇದು ಹೊಸದಾ? ನಮ್ಮ ಮೇಲೆ ಪ್ರಯೋಗ ಮಾಡ್ತಾರಾ?

ದಾರಿ ಹಳೆಯದು, ಕೈ ಹೊಸದು. ಯೋನಿ ಮಾರ್ಗದಲ್ಲಿ ಗರ್ಭಕೋಶವನ್ನು ಯೋಚಿಸಿ ಯೋಜಿಸಿ ತೆಗೆದದ್ದು 1813ರಲ್ಲಿ, ಜರ್ಮನಿಯ ಲಾಂಗೆನ್‌ಬೆಕ್. ಆಗ ಅರಿವಳಿಕೆಯೇ ಇರಲಿಲ್ಲ. ಆ ಹೆಣ್ಣುಮಗಳ ಧೈರ್ಯಕ್ಕೆ ಕೈ ಮುಗಿಯಬೇಕು. ಲ್ಯಾಪ್ರೋಸ್ಕೋಪಿಯಲ್ಲಿ ಮೊದಲು ತೆಗೆದವರು ಅಮೆರಿಕದ ಹ್ಯಾರಿ ರೈಕ್, 1988ರಲ್ಲಿ. ಡಾವಿಂಚಿ ಎಂಬ ಆಪರೇಷನ್ ರೋಬೋಟಿಗೆ, ಔಷಧಿ ಮತ್ತು ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2000ದಲ್ಲಿ ಒಪ್ಪಿಗೆ ಕೊಟ್ಟಿತು, ಸ್ತ್ರೀರೋಗದ ಆಪರೇಷನ್‌ಗಳಿಗೆ 2005ರಲ್ಲಿ.

ಯೋನಿಯ ಮೂಲಕ ಕ್ಯಾಮೆರಾ ಬಿಟ್ಟು ಮಾಡುವ ಪದ್ಧತಿಗೆ ವೈದ್ಯರು 'ವಿ-ನೋಟ್ಸ್' ಅನ್ನುತ್ತಾರೆ. ತೈವಾನ್, ಬೆಲ್ಜಿಯಂನ ವೈದ್ಯರು ಕಳೆದ ದಶಕದಲ್ಲಿ ಇದನ್ನು ಬೆಳೆಸಿದರು. ಬೆಲ್ಜಿಯಂನಲ್ಲಿ 70 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ವಿ-ನೋಟ್ಸ್, ಇನ್ನೊಂದಕ್ಕೆ ಮಾಮೂಲಿ ಲ್ಯಾಪ್ರೋಸ್ಕೋಪಿ ಮಾಡಿ ನೋಡಿದರು. ಹೊಸ ವಿಧಾನ ಹಿಂದೆ ಬೀಳಲಿಲ್ಲ, ಅದೇ ದಿನ ಮನೆಗೆ ಹೋದವರೂ ಅದರಲ್ಲೇ ಹೆಚ್ಚು. ಆದರೆ ಅಲ್ಲಿ ರೋಬೋಟ್ ಇರಲಿಲ್ಲ, ಇದನ್ನು ಮರೆಯಬೇಡಿ. ರೋಬೋಟನ್ನೂ ಆ ದಾರಿಯನ್ನೂ ಜೋಡಿಸಿದ್ದು ಅದರಾಚೆಯ ಹೆಜ್ಜೆ. ಯೋನಿ ಮಾರ್ಗಕ್ಕೆಂದೇ ಮಾಡಿದ ಹೋಮಿನಿಸ್ ಎಂಬ ಇಸ್ರೇಲಿ ಯಂತ್ರಕ್ಕೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದೇ 2021ರಲ್ಲಿ. ಹಾಗಾಗಿ ಪ್ರಯೋಗ ಅನ್ನಲಾರೆ, ಆದರೆ ಹತ್ತಿಪ್ಪತ್ತು ವರ್ಷ ಹಿಂತಿರುಗಿ ನೋಡಿ ಹೇಳುವಷ್ಟು ಲೆಕ್ಕ ಇನ್ನೂ ಇಲ್ಲ.

ಲೇಸರ್ ಆಪರೇಷನ್ ಅಂತಾರಲ್ಲ, ಅದೇನಾ ಇದು?

ಅಲ್ಲ. ನಮ್ಮ ಕಡೆ ಲ್ಯಾಪ್ರೋಸ್ಕೋಪಿಗೆಲ್ಲ 'ಲೇಸರ್' ಅನ್ನುವುದು ರೂಢಿಯಾಗಿಬಿಟ್ಟಿದೆ. ಅದರಲ್ಲೂ ಲೇಸರ್ ಇಲ್ಲ, ಇದರಲ್ಲೂ ಇಲ್ಲ.

ನಂಗೆ ಗರ್ಭಕೋಶ ತೆಗೆಸಲೇಬೇಕಾ?

ಇದನ್ನು ಮೊದಲು ಕೇಳಬೇಕಿತ್ತು. ಆದರೆ ಎಲ್ಲರೂ ರೋಬೋಟಿನಿಂದಲೇ ಶುರು ಮಾಡುತ್ತಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 3.3 ಮಂದಿಗೆ ಗರ್ಭಕೋಶ ತೆಗೆದಾಗಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶ ತೆಗೆಸಿದ ಕಥೆ ಪತ್ರಿಕೆಗಳಲ್ಲಿ ಬಂದದ್ದು, ನಮ್ಮದೇ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಎಳೆವಯಸ್ಸಿನವರಿಗೇ ತೆಗೆದದ್ದು ಓದಿರುತ್ತೀರಿ. ಬೇಡದ ಆಪರೇಷನ್ ನಿಲ್ಲಿಸಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು; ಮೂರು ತಿಂಗಳೊಳಗೆ ಅದನ್ನು ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು.

ಒಪಿಡಿಯಲ್ಲಿ ನಾನು ಕೇಳುವ ಮಾತುಗಳೆಂದರೆ: "ಬಿಳಿ ಸೆರಗು ಹೋಗ್ತದೆ, ತೆಗೆದ್ಬಿಡಿ." "ಸೊಂಟ ನೋವು, ತೆಗೆದ್ಬಿಡಿ." "ಮಕ್ಳಾಯ್ತಲ್ಲ, ಇನ್ಯಾಕೆ ಅದು?" ಬಿಳಿ ಸೆರಗಿಗೆ ಗರ್ಭಕೋಶ ತೆಗೆಯುವುದು ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗೆ. ಸೋಂಕಿದ್ದರೆ ಔಷಧಿ ಇದೆ. ಸೊಂಟ ನೋವು ಎಷ್ಟೋ ಸಲ ಮೂಳೆ, ಮಾಂಸಖಂಡದ್ದು. ಗರ್ಭಕೋಶ ಹೋದ ಮೇಲೂ ಇರುತ್ತದೆ. ಸ್ಕ್ಯಾನಿಂಗಿನಲ್ಲಿ ಕಂಡ ಸಣ್ಣ ಗಡ್ಡೆ ತೊಂದರೆ ಕೊಡದಿದ್ದರೆ ಅದರ ಪಾಡಿಗೆ ಬಿಡಬಹುದು. ಮುಟ್ಟು ನಿಂತ ಮೇಲೆ ಫೈಬ್ರಾಯ್ಡ್ ಎಂಬ ಈ ಗಡ್ಡೆ ಸಾಮಾನ್ಯವಾಗಿ ಕುಗ್ಗುತ್ತದೆ. "ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಎಂದು ಯಾರಾದರೂ ಹೆದರಿಸಿದರೆ, ಯಾವ ಪರೀಕ್ಷೆಯಲ್ಲಿ ಹಾಗಂತ ಬಂದಿದೆ, ತೋರಿಸಿ ಅನ್ನಿ.

ಮುಟ್ಟು ಹೆಚ್ಚು ಹೋಗುವವರಿಗೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ, ಹಾರ್ಮೋನ್ ಮಾತ್ರೆ ಇವೆ. ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನ ಬಹಳ ಜನರಿಗೆ ಆಪರೇಷನ್ನನ್ನೇ ತಪ್ಪಿಸಿದೆ. ಥೈರಾಯ್ಡ್ ಸರಿಯಾದರೆ ಮುಟ್ಟೂ ಸರಿಯಾದವರಿದ್ದಾರೆ. ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸಬಹುದು. ಗರ್ಭಕೋಶ ಜಾರಿದವರಿಗೆ ಪೆಸರಿ ಎಂಬ ಉಂಗುರವುಂಟು. ಇವೆಲ್ಲ ಆಗಿಯೂ ರಕ್ತ ನಿಲ್ಲದೆ, ರಕ್ತಹೀನತೆಯಿಂದ ಏದುಸಿರು ಬರುತ್ತಿದ್ದರೆ ಆಪರೇಷನ್ ವರವೇ. ಮುಟ್ಟಿನ ದಿನ ಗೋಣಿ ಹಾಸಿಕೊಂಡು ಮಲಗುತ್ತಿದ್ದೆ ಎಂದ ಮಳವಳ್ಳಿ ಕಡೆಯ ಅಮ್ಮನಿಗೆ ನಾನು ಎರಡನೇ ಮಾತಾಡಲಿಲ್ಲ.

ಯಾರಿಗೆ ಈ ವಿಧಾನ ಆಗುತ್ತೆ?

ಗರ್ಭಕೋಶ ಕೆಳಗೆ ಜಾರದೆ ಮೇಲೇ ಇರುವವರಿಗೆ, ಸ್ವಲ್ಪ ದೊಡ್ಡ ಗಡ್ಡೆ ಇರುವವರಿಗೆ, ಮೈ ದಪ್ಪ ಇರುವವರಿಗೆ, ಅಂಡಾಶಯದಿಂದ ಗರ್ಭಕೋಶಕ್ಕೆ ಬರುವ ಗರ್ಭನಾಳವನ್ನೂ ಜೊತೆಗೆ ತೆಗೆಯಬೇಕಾದವರಿಗೆ. ಹಳೆಯ ಯೋನಿ ಮಾರ್ಗದಲ್ಲಿ ಕೈಗೂ ಕಣ್ಣಿಗೂ ಎಟುಕದ ಜಾಗ ಇಲ್ಲಿ ಎಟುಕುತ್ತದೆ. ದಪ್ಪ ಇರುವವರಿಗೆ ಹೊಟ್ಟೆಯ ಗಾಯ ಕೀವಾಗುವ ಗೋಳು ತಪ್ಪುವುದೇ ದೊಡ್ಡದು.

ಸಿಸೇರಿಯನ್ ಆಗಿದ್ದರೆ ಆಗುವುದೇ ಇಲ್ಲ ಅಂತಲ್ಲ. ಮೂತ್ರಕೋಶ ಹಳೆಯ ಗಾಯಕ್ಕೆ ಅಂಟಿಕೊಂಡಿರುತ್ತದೆ, ಬಿಡಿಸಲು ಪಳಗಿದ ಕೈ ಬೇಕು. ಎಂಡೋಮೆಟ್ರಿಯೋಸಿಸ್‌ನಿಂದ, ಅಂದರೆ ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ರೋಗದಿಂದ, ಗರ್ಭಕೋಶದ ಹಿಂಭಾಗ ಕರುಳಿಗೆ ಅಂಟಿದ್ದರೆ, ಹಿಂದೆ ಗುದನಾಳದ ಆಪರೇಷನ್ ಅಥವಾ ಕಿಬ್ಬೊಟ್ಟೆಗೆ ರೇಡಿಯೇಷನ್ ಆಗಿದ್ದರೆ ಈ ದಾರಿ ಬೇಡ. ಒಳಗೆ ಹೋಗುವ ಬಾಗಿಲೇ ಅಲ್ಲಿ ಮುಚ್ಚಿರುತ್ತದೆ. ಯೋನಿ ಬಹಳ ಕಿರಿದಾಗಿದ್ದರೂ ಅಷ್ಟೇ.

ಕ್ಯಾನ್ಸರ್ ಅನುಮಾನ ಇದ್ದರೆ ಲೆಕ್ಕವೇ ಬೇರೆ. ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಸಣ್ಣ ರಂಧ್ರದ ಆಪರೇಷನ್ ಮಾಡಿಸಿಕೊಂಡವರಿಗಿಂತ ಹೊಟ್ಟೆ ತೆರೆದು ಮಾಡಿಸಿಕೊಂಡವರೇ ಹೆಚ್ಚು ಬದುಕಿದರು ಎಂದು 2018ರಲ್ಲಿ ಒಂದು ದೊಡ್ಡ ಅಧ್ಯಯನ ತೋರಿಸಿತು. ಅದು ಬಂದ ಮೇಲೆ ಪ್ರಪಂಚದ ಬಹಳ ಕಡೆ ವೈದ್ಯರು ಕೈ ಹಿಂದೆ ತೆಗೆದುಕೊಂಡರು. ಗಾಯ ಸಣ್ಣದಿದ್ದರೆ ಒಳ್ಳೆಯದೇ ಎಂಬ ನಂಬಿಕೆ ಎಲ್ಲ ಕಡೆ ನಡೆಯುವುದಿಲ್ಲ.

ಚೆಲುವಾಂಬದಲ್ಲಿ, ಮಂಡ್ಯದ ಮಿಮ್ಸ್‌ನಲ್ಲಿ ರೋಬೋಟ್ ಇಲ್ದೇನೇ ಕೆಳಗಿಂದ ತೆಗೀತಾರಲ್ಲ, ಅದಕ್ಕಿಂತ ಇದು ಮೇಲಾ?

ನನ್ನ ಅಭಿಪ್ರಾಯ ಕೇಳಿದರೆ, ಗರ್ಭಕೋಶ ಜಾರಿ ಕೆಳಗೆ ಬಂದಿರುವವರಿಗೆ ರೋಬೋಟ್ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳ ವೈದ್ಯರು ಆ ಆಪರೇಷನ್ನಿನಲ್ಲಿ ಪಳಗಿದವರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಅನಿಲ ತುಂಬದೆ, ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಹೊಟ್ಟೆಯ ಮೇಲೆ ಗಾಯ ಅಲ್ಲೂ ಇಲ್ಲ. ಆಗುವುದಾದರೆ ಯೋನಿ ಮಾರ್ಗವೇ ಮೊದಲ ಆಯ್ಕೆಯಾಗಲಿ ಎಂದು ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2017ರಲ್ಲೂ ಹೇಳಿದೆ. ರೋಬೋಟಿನಿಂದ ಮಾಡಿದ್ದು ಲ್ಯಾಪ್ರೋಸ್ಕೋಪಿಗಿಂತ ಮೇಲು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರನ್ ಸಂಸ್ಥೆಯ 2015ರ ವಿಮರ್ಶೆಗೂ ಕಾಣಲಿಲ್ಲ.

ಹಾಗಾದರೆ ರೋಬೋಟ್ ಯಾಕೆ? ಇಲ್ಲದಿದ್ದರೆ ಹೊಟ್ಟೆ ಕೊಯ್ಯಲೇಬೇಕಾಗುತ್ತಿದ್ದ ಕೆಲವರನ್ನು ಅದು ಕೆಳಗಿನ ದಾರಿಗೆ ತರಬಲ್ಲದು. ಆ ಕೆಲವರಲ್ಲಿ ನೀವಿದ್ದರೆ ಲಾಭ. ಇಲ್ಲದಿದ್ದರೆ ಎತ್ತಿನ ಗಾಡಿ ಹೋಗುವ ಓಣಿಗೆ ಲಾರಿ ತಂದ ಹಾಗೆ.

ಅಂಡಾಶಯಾನೂ ತೆಗೆದ್ಬಿಡ್ತಾರಾ?

ಕೇಳಿಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ. ಗರ್ಭಕೋಶ ಬೇರೆ, ಅಂಡಾಶಯ ಬೇರೆ. ಮುಟ್ಟು ನಿಲ್ಲುವ ವಯಸ್ಸಾಗದೆ, ಅಂಡಾಶಯದಲ್ಲಿ ರೋಗವೂ ಇಲ್ಲದೆ ಅದನ್ನು ತೆಗೆದರೆ ಮೈ ಒಂದೇ ರಾತ್ರಿಯಲ್ಲಿ ಮುದುಕಿಯಾದ ಹಾಗೆ: ಮೈ ಬಿಸಿ, ಬೆವರು, ನಿದ್ದೆಗೇಡು, ಮುಂದೆ ಮೂಳೆ ಸವೆತ, ಹೃದಯಕ್ಕೂ ತೊಂದರೆ. 45ರ ಒಳಗಿನವರಿಗೆ ಇದು ಇನ್ನೂ ಜೋರು. ಉಳಿಸಿಕೊಂಡರೂ ಕೆಲವರಿಗೆ ಅದರ ಕೆಲಸ ಒಂದೆರಡು ವರ್ಷ ಮೊದಲೇ ನಿಲ್ಲಬಹುದು, ಇದನ್ನೂ ಹೇಳಿಬಿಡುತ್ತೇನೆ. ಗರ್ಭನಾಳವನ್ನು ಮಾತ್ರ ತೆಗೆಯುವುದು ಈಗ ರೂಢಿ. ಅಂಡಾಶಯದ ಕ್ಯಾನ್ಸರ್ ಎಷ್ಟೋ ಸಲ ಆ ನಾಳದ ತುದಿಯಲ್ಲೇ ಹುಟ್ಟುತ್ತದೆ, ತೆಗೆದರೆ ಅಪಾಯ ಕಡಿಮೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ರೆ ಜೀವ್ನ ಪೂರ್ತಿ ಬೆನ್ನು ನೋವಂತೆ?

ಅದು ಸುಳ್ಳು. ಅಂತೂ ಈ ಆಪರೇಷನ್ನಿಗೆ ತಲೆ ಕೆಳಗೆ ಮಾಡಿ ಅನಿಲ ತುಂಬುವುದರಿಂದ ಪೂರ್ತಿ ಅರಿವಳಿಕೆಯೇ ಕೊಡುವುದು.

ಮೊದ್ಲು ಏನೇನು ಪರೀಕ್ಷೆ?

ಸ್ಕ್ಯಾನಿಂಗ್, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಸುಳಿವು ನೋಡುವ ಪ್ಯಾಪ್ ಸ್ಮಿಯರ್, ರಕ್ತ, ಸಕ್ಕರೆ, ಥೈರಾಯ್ಡ್, ಇಸಿಜಿ. 45 ದಾಟಿ ಏರುಪೇರಾಗಿ ರಕ್ತ ಹೋಗುತ್ತಿದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು. ಅದಿಲ್ಲದೆ ಆಪರೇಷನ್ ದಿನ ಗೊತ್ತು ಮಾಡಿದರೆ ನೀವೇ ಕೇಳಿ.

ನಮ್ಮ ಕಡೆ ಎಲ್ಲರೂ ಎಡವುವುದು ಹಿಮೋಗ್ಲೋಬಿನ್‌ನಲ್ಲಿ. ಏಳು, ಎಂಟು ಇಟ್ಟುಕೊಂಡೇ ನಾಟಿ, ಕಳೆ ಎಲ್ಲ ಮುಗಿಸಿ ಬಂದಿರುತ್ತಾರೆ. ಹತ್ತಕ್ಕೆ ತಂದು ಆಮೇಲೆ ಆಪರೇಷನ್ ಮಾಡಿದರೆ ರಕ್ತ ಹಾಕಿಸುವ ಪ್ರಮೇಯ ಕಡಿಮೆ. ಕಬ್ಬಿಣದ ಮಾತ್ರೆಯನ್ನು ಟೀ, ಕಾಫಿ ಜೊತೆ ನುಂಗಬೇಡಿ, ನಿಂಬೆ ಪಾನಕದ ಜೊತೆ ನುಂಗಿ. ಮಾತ್ರೆ ಆಗದಿದ್ದರೆ ಡ್ರಿಪ್ಪಿನಲ್ಲಿ ಹಾಕುವ ಕಬ್ಬಿಣದ ಇಂಜೆಕ್ಷನ್ ಇದೆ.

ಎಷ್ಟು ಹೊತ್ತು, ಎಷ್ಟು ದಿನ?

ಯಂತ್ರ ಜೋಡಿಸುವ ಸಮಯವೂ ಸೇರಿ ಒಂದೂವರೆಯಿಂದ ಮೂರು ಗಂಟೆ. ಗಡ್ಡೆ ದೊಡ್ಡದಿದ್ದರೆ ಇನ್ನೂ ಹೆಚ್ಚು. ಹೊರಗೆ ಕೂತವರು ಗಾಬರಿಯಾಗಬೇಡಿ. ಮೂತ್ರದ ಪೈಪು ಅದೇ ದಿನ ಅಥವಾ ಮಾರನೇ ಬೆಳಿಗ್ಗೆ ತೆಗೆಯುತ್ತಾರೆ. ಒಂದೆರಡು ದಿನಕ್ಕೆ ಮನೆಗೆ. ಭುಜದ ತುದಿಯಲ್ಲಿ ನೋವು ಬಂದರೆ ಅದು ಉಳಿದ ಅನಿಲದ್ದು, ಎರಡು ಮೂರು ದಿನದಲ್ಲಿ ಹೋಗುತ್ತದೆ.

ಅಪಾಯ ಏನಿದೆ, ಮುಚ್ಚಿಡದೆ ಹೇಳಿ.

ರಕ್ತಸ್ರಾವ, ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಯಾವ ದೊಡ್ಡ ಆಪರೇಷನ್ನಿಗೂ ಇರುವಂಥವು. ಈ ಜಾಗಕ್ಕೇ ಸೇರಿದ ಅಪಾಯ ಮೂತ್ರಕೋಶ, ಮೂತ್ರನಾಳ ಮತ್ತು ಕರುಳಿಗೆ ಪೆಟ್ಟು. ಮೂತ್ರನಾಳ ಗರ್ಭಕೋಶದ ರಕ್ತನಾಳದ ಕೆಳಗೇ ಹಾದುಹೋಗುತ್ತದೆ, ಸೇತುವೆ ಕೆಳಗೆ ಕಾಲುವೆ ಹೋದ ಹಾಗೆ. ಸೇತುವೆ ಕತ್ತರಿಸುವಾಗ ಕಾಲುವೆ ಉಳಿಸುವುದೇ ಸರ್ಜನ್ನರ ವಿದ್ಯೆ. ಪೆಟ್ಟು ಬಿದ್ದದ್ದು ಅಲ್ಲೇ ಗೊತ್ತಾದರೆ ಅಲ್ಲೇ ಹೊಲಿಯುತ್ತಾರೆ. ಮನೆಗೆ ಹೋದ ಮೇಲೆ ಗೊತ್ತಾದರೆ ಅಲೆದಾಟ ಹೆಚ್ಚು.

ಒಳಗೆ ಅಂಟು ಜಾಸ್ತಿ ಇದ್ದರೆ, ರಕ್ತ ನಿಲ್ಲದಿದ್ದರೆ ಹೊಟ್ಟೆ ತೆರೆಯಬೇಕಾಗಬಹುದು. ಅದು ಸೋಲಲ್ಲ, ಬುದ್ಧಿವಂತಿಕೆ. ಆ ಮಾತು ಒಪ್ಪಿಗೆ ಪತ್ರದಲ್ಲಿ ಮೊದಲೇ ಇರಬೇಕು. ಇನ್ನೊಂದು, ಯೋನಿಯ ಮೇಲ್ತುದಿಯ ಹೊಲಿಗೆ ಬಿಟ್ಟುಕೊಳ್ಳುವುದು. ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಕರುಳೇ ಕೆಳಗೆ ಬರಬಹುದು. ಮುಂದಿನ ಪ್ರಶ್ನೆಗೆ ನಾನು ಉದ್ದುದ್ದ ಉತ್ತರ ಕೊಡುವುದು ಇದಕ್ಕೇ.

ಗಾಯಾನೇ ಇಲ್ವಲ್ಲ, ಮತ್ಯಾಕೆ ರೆಸ್ಟು?

ಈ ಪ್ರಶ್ನೆ ಕೇಳುವವರು ಆಪರೇಷನ್ ಮಾಡಿಸಿಕೊಂಡವರಲ್ಲ. ಅತ್ತೆ ಕೇಳುತ್ತಾರೆ, ಗಂಡ ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ. ಹೊಟ್ಟೆಯ ಮೇಲೆ ಅಷ್ಟುದ್ದ ಹೊಲಿಗೆ ಇದ್ದ ಕಾಲದಲ್ಲಿ ಸೀರೆ ಸರಿಸಿದರೆ ಸಾಕಿತ್ತು, ಮನೆಯವರು ತಾವಾಗಿಯೇ ನೀರಿನ ಕೊಡ ಎತ್ತಿಕೊಳ್ಳುತ್ತಿದ್ದರು. ಈಗ ತೋರಿಸಲು ಏನೂ ಇಲ್ಲ. ಮೂರನೇ ದಿನಕ್ಕೆ ಹೆಣ್ಣುಮಗಳು ಓಡಾಡುತ್ತಾಳೆ, ಮುಖದಲ್ಲಿ ಕಳೆ ಬಂದಿದೆ, ಐದನೇ ದಿನಕ್ಕೆ ಒಲೆ ಮುಂದೆ, ಹತ್ತನೇ ದಿನಕ್ಕೆ ಕೊಟ್ಟಿಗೆಯಲ್ಲಿ.

ಪಾಂಡವಪುರದ ಕಡೆಯ ಒಬ್ಬಾಕೆ ಹನ್ನೆರಡನೇ ದಿನ ಹುಲ್ಲಿನ ಹೊರೆ ಹೊತ್ತಳು. ಎರಡು ಸೀಮೆಹಸು, ಬೆಳಿಗ್ಗೆ ಡೇರಿಗೆ ಹಾಲು ಹಾಕಲೇಬೇಕು, ಮನೆಯಲ್ಲಿ ಬೇರೆ ಹೆಣ್ಣಾಳಿಲ್ಲ. ರಾತ್ರಿ ರಕ್ತ ಹರಿದು ಬಂದು 108ರಲ್ಲಿ ಕರೆತಂದರು. ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಮತ್ತೆ ಹಾಕಿದೆವು, ಬಚಾವಾದಳು. ಗಂಡ ಹೊರಗೆ ನಿಂತು, "ಗಾಯ ಇಲ್ಲ ಅಂದಿದ್ರಲ್ಲ ಮೇಡಂ" ಅಂದ. ತಪ್ಪು ಅವನದಲ್ಲ. ಗಾಯ ಇಲ್ಲ ಎಂದು ಹೇಳಿದವರು ನಾವೇ. ಅಂದಿನಿಂದ ನಾನು 'ಗಾಯ ಇಲ್ಲ' ಅನ್ನುವುದನ್ನು ಬಿಟ್ಟು 'ಗಾಯ ಒಳಗಿದೆ' ಅನ್ನುತ್ತೇನೆ.

ಒಳಗೆ ಹೊಟ್ಟೆಯ ಆಪರೇಷನ್ನಿನಲ್ಲಿ ಕತ್ತರಿಸಿದಷ್ಟೇ ಇಲ್ಲೂ ಕತ್ತರಿಸಿರುತ್ತೇವೆ. ಹೊಲಿಗೆ ಗಟ್ಟಿಯಾಗಲು ಆರು ವಾರ ಬೇಕು. ಅಲ್ಲಿಯವರೆಗೆ ತುಂಬಿದ ಬಿಂದಿಗೆ, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಹುಲ್ಲಿನ ಹೊರೆ, ಎತ್ತಿಕೊ ಎಂದು ಅಳುವ ಮೊಮ್ಮಗು ಯಾವುದನ್ನೂ ಎತ್ತಬಾರದು. ಕುಕ್ಕರುಗಾಲಲ್ಲಿ ಕೂತು ನೆಲ ಒರೆಸುವುದು, ಬಟ್ಟೆ ಒಗೆಯುವುದು ಬೇಡ. ಮುದ್ದೆ ತೊಳಸುವುದೂ ಬೇಡ. ಆ ಕೋಲು ಒತ್ತುವಾಗ ಬಲವೆಲ್ಲ ಕಿಬ್ಬೊಟ್ಟೆಗೇ ಬೀಳುತ್ತದೆ. ಹಾಗೆಂದು ಮಲಗಿಯೇ ಇರಬಾರದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೀತು. ಅಂಗಳದಲ್ಲಿ ನಡೆಯಿರಿ, ಸೊಪ್ಪು ಬಿಡಿಸಿ, ಕಾಳು ಆರಿಸಿ. ಡಿಸ್ಚಾರ್ಜ್ ದಿನ ನಾನು ಈ ಮಾತುಗಳನ್ನು ರೋಗಿಗೆ ಹೇಳುವುದಿಲ್ಲ. ಜೊತೆಗೆ ಬಂದವರನ್ನು ಕೂರಿಸಿಕೊಂಡು ಅವರಿಗೆ ಹೇಳುತ್ತೇನೆ. ಆಗುವುದಾದರೆ ನಾಟಿ, ಕೊಯ್ಲಿನ ಕಾಲ ಬಿಟ್ಟು ಆಪರೇಷನ್ ದಿನ ಇಟ್ಟುಕೊಳ್ಳಿ. ತವರಿಗೆ ಹೋಗುವುದಾದರೆ ಇನ್ನೂ ಒಳ್ಳೆಯದು.

ಪಥ್ಯ ಏನು? ಬದನೆಕಾಯಿ ನಂಜಂತೆ?

ಬದನೆಕಾಯಿ, ಕುಂಬಳಕಾಯಿ, ಮೊಟ್ಟೆ, ಮೀನು ತಿಂದರೆ ಹೊಲಿಗೆ ಕೀವಾಗುವುದಿಲ್ಲ. ಕಿವಿಗೆ ಹತ್ತಿ ಇಟ್ಟುಕೊಳ್ಳುವುದರಿಂದ ನಷ್ಟವಿಲ್ಲ, ಇಟ್ಟುಕೊಳ್ಳಿ. ಆದರೆ "ಹಸಿ ಮೈ, ನೀರು ಕುಡೀಬೇಡ" ಎನ್ನುವುದನ್ನು ಮಾತ್ರ ಕೇಳಬೇಡಿ. ನೀರು ಕಡಿಮೆಯಾದರೆ ಮಲ ಗಟ್ಟಿ, ಮಲ ಗಟ್ಟಿಯಾದರೆ ತಿಣುಕುವುದು, ತಿಣುಕಿದರೆ ಹೊಲಿಗೆಗೆ ಪೆಟ್ಟು. ಸೊಪ್ಪಿನ ಸಾರು, ಕಾಳಿನ ಬಸ್ಸಾರು, ಮುದ್ದೆ, ಬಾಳೆಹಣ್ಣು ಧಾರಾಳವಾಗಿ ತಿನ್ನಿ.

ಗಂಡ ಹೆಂಡ್ತಿ ಸಂಬಂಧಕ್ಕೆ ತೊಂದ್ರೆ ಆಗುತ್ತಾ?

ಇದನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಎಲ್ಲ ಮುಗಿದು ಬಾಗಿಲವರೆಗೆ ಹೋದವರು ವಾಪಸು ಬಂದು, ಕುರ್ಚಿಯ ಬೆನ್ನು ಹಿಡಿದು ನಿಂತು ಕೇಳುತ್ತಾರೆ. ಕೆಲವರ ಕಣ್ಣಲ್ಲಿ ಹೆದರಿಕೆ: "ಅವ್ರಿಗೆ ಗೊತ್ತಾಗುತ್ತಾ?"

ಆರರಿಂದ ಎಂಟು ವಾರ ಕೂಡದು, ವೈದ್ಯರು ಒಳಗೆ ನೋಡಿ ಆಯಿತು ಎನ್ನುವವರೆಗೆ. ಹೊಲಿಗೆ ಇರುವುದು ಅಲ್ಲೇ ತಾನೇ. ಆಮೇಲೆ ಎಲ್ಲ ಮೊದಲಿನಂತೆಯೇ. ಯೋನಿ ಹಾಗೇ ಇರುತ್ತದೆ, ಮೇಲ್ತುದಿ ಮಾತ್ರ ಮುಚ್ಚಿರುತ್ತದೆ. ತಿಂಗಳು ತಿಂಗಳು ರಕ್ತ ಹೋಗಿ ಸೋತಿದ್ದವರಿಗೆ ಮೊದಲಿಗಿಂತ ಚೆನ್ನಾಗೇ ಇರುತ್ತದೆ. ಅಂಡಾಶಯ ತೆಗೆದಿದ್ದರೆ ಒಣಗಿದ ಹಾಗಾಗಬಹುದು, ಅದಕ್ಕೆ ಹಚ್ಚುವ ಕ್ರೀಮ್ ಇದೆ. ಆರೆಂಟು ವಾರದ ಮಾತನ್ನು ಗಂಡನಿಗೆ ಹೇಳಲು ಮುಜುಗರವಾದರೆ ನಮ್ಮ ಕಡೆಯಿಂದಲೇ ಹೇಳಿಸಿ. ನಾವು ಹೇಳಿದರೆ ಅದು ಔಷಧಿ ಚೀಟಿಯ ಹಾಗೆ, ನೀವು ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ. ನ್ಯಾಯವಲ್ಲ, ಆದರೆ ಕಂಡದ್ದು ಹೀಗೆ.

ಗರ್ಭಕೋಶ ಇದ್ದ ಜಾಗ ಖಾಲಿ ಇರುತ್ತಾ?

ಇಲ್ಲ. ಕರುಳು ಅಲ್ಲಿಗೆ ಸರಿದು ಕೂರುತ್ತದೆ. ನೆರೆಯವನು ಖಾಲಿ ಮಾಡಿದ ಕಟ್ಟೆ ಎಷ್ಟು ಹೊತ್ತು ಖಾಲಿ ಇರುತ್ತದೆ!

ಬಸ್ಸಲ್ಲಿ ಊರಿಗೆ ಹೋಗಬೋದಾ? ಬೆಟ್ಟ ಹತ್ತಬೋದಾ?

ಮಂಡ್ಯಕ್ಕೆ ನಲವತ್ತೈದು ಕಿಲೋಮೀಟರು, ಕಾರಿದ್ದರೆ ಒಳ್ಳೆಯದು. ಬಸ್ಸಾದರೆ ಹಿಂದಿನ ಸೀಟು ಬೇಡ, ಹಂಪು ಬಂದಾಗಲೆಲ್ಲ ಎತ್ತಿ ಹಾಕುತ್ತದೆ. ಮನೆಯ ಮೆಟ್ಟಿಲು ಮಾರನೇ ದಿನವೇ ಹತ್ತಬಹುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಹರಕೆ ಎರಡು ಮೂರು ತಿಂಗಳು ತಡೆಯಲಿ, ತಾಯಿ ಕಾಯುತ್ತಾಳೆ.

ಖರ್ಚು? ಕಾರ್ಡಲ್ಲಿ ಆಗುತ್ತಾ?

ರೋಬೋಟಿಗೆ ಯಾಕೆ ಹೆಚ್ಚು ಅಂದರೆ, ಯಂತ್ರದ ಬೆಲೆಯ ಜೊತೆಗೆ ಅದರ ಉಪಕರಣಗಳನ್ನು ಇಷ್ಟೇ ಸಲ ಬಳಸಬೇಕೆಂಬ ಎಣಿಕೆ ಇರುತ್ತದೆ, ಆಮೇಲೆ ಎಸೆಯಬೇಕು. ಭಾರತದಲ್ಲೇ ತಯಾರಾಗುವ ಎಸ್‌ಎಸ್‌ಐ ಮಂತ್ರದಂಥ ಯಂತ್ರಗಳೂ ಈಗ ಬಂದಿವೆ, ಮುಂದೆ ಬೆಲೆ ಇಳಿದೀತು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30ರಂತೆ 1.5 ಲಕ್ಷದವರೆಗೆ ಚಿಕಿತ್ಸೆ ಇದೆ. ಪ್ಯಾಕೇಜು ಗರ್ಭಕೋಶದ ಆಪರೇಷನ್ನಿಗೆ. ರೋಬೋಟಿನ ಹೆಚ್ಚುವರಿಯೂ ಅದರಲ್ಲೇ ಬರುತ್ತದೆಂದು ಎಣಿಸಿ ಬರಬೇಡಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಖಾಸಗಿ ವಿಮೆ ಇದ್ದರೆ, ರೋಬೋಟ್ ಆಪರೇಷನ್ ಎಂಬ ಕಾರಣಕ್ಕೇ ಪೂರ್ತಿ ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವಿದೆ. ಆದರೆ ಮಿತಿ ಹಾಕಬಹುದು, ಪಾಲಿಸಿಯ ಸಣ್ಣ ಅಕ್ಷರ ಓದಿಸಿ. ಈ ಯಂತ್ರಕ್ಕೆಂದು ಒಡವೆ ಗಿರವಿ ಇಡುತ್ತೇನೆ ಎಂದವರನ್ನು ನಾನು ವಾಪಸು ಕಳಿಸಿದ್ದೇನೆ. ಅವರಿಗೆ ಮಾಮೂಲಿ ವಿಧಾನದಲ್ಲೇ ಚೆನ್ನಾಗಿ ಆಗುತ್ತಿತ್ತು, ಆಯಿತು ಕೂಡ.

ಡಾಕ್ಟ್ರನ್ನ ಏನು ಕೇಳ್ಬೇಕು? ಕೇಳಿದ್ರೆ ಬೇಜಾರ್ ಮಾಡ್ಕೊಳಲ್ವಾ?

ಬೇಜಾರು ಮಾಡಿಕೊಳ್ಳುವವರ ಹತ್ತಿರ ಮಾಡಿಸಿಕೊಳ್ಳಬೇಡಿ. ಈ ದಾರಿಯಲ್ಲಿ ನೀವು ಎಷ್ಟು ಮಾಡಿದ್ದೀರಿ ಎಂದು ಕೇಳಿ. ರೋಬೋಟ್ ಅಲ್ಲ, ಈ ದಾರಿ. ಹೊಟ್ಟೆಯ ಮೂಲಕ ರೋಬೋಟ್ ಮಾಡುವುದರಲ್ಲಿ ಪಳಗಿದವರೂ ಇಲ್ಲಿ ಹೊಸಬರಿರಬಹುದು. ನನಗೆ ಮಾಮೂಲಿ ಯೋನಿ ಮಾರ್ಗ ಯಾಕೆ ಆಗುವುದಿಲ್ಲ, ಮಧ್ಯೆ ತೊಡಕಾದರೆ ಏನು ಮಾಡುತ್ತೀರಿ, ಹೊಟ್ಟೆಯ ಮೇಲೆ ಒಂದು ಸಣ್ಣ ರಂಧ್ರವಾದರೂ ಹಾಕುತ್ತೀರಾ ಎಂದೂ ಕೇಳಿ. ಕೆಲವು ಯಂತ್ರಗಳಿಗೆ ಕ್ಯಾಮೆರಾ ಹೊಕ್ಕುಳ ಹತ್ತಿರದಿಂದಲೇ ಬರಬೇಕು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ ಬರುತ್ತೇನೆ ಅಂದರೆ ಒಳ್ಳೆಯ ಸರ್ಜನ್ನರು ಫೈಲು ಕೊಟ್ಟು ಕಳಿಸುತ್ತಾರೆ.

ಮನೆಗೆ ಹೋದ್ಮೇಲೆ ಯಾವಾಗ ಓಡ್ಬರ್ಬೇಕು?

ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ, ಚಳಿ ಜ್ವರ ಬಂದರೆ, ದುರ್ವಾಸನೆಯ ಸ್ರಾವ ಇದ್ದರೆ, ಮೂತ್ರ ಕಟ್ಟಿದರೆ, ಒಂದು ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಕೆಳಗೆ ಏನೋ ಜಾರಿ ಬಂದ ಹಾಗಾದರೆ. ತಡೆಯಿಲ್ಲದೆ ನೀರಿನ ಹಾಗೆ ಸೋರುತ್ತಿದ್ದರೆ ಅದು ಮೂತ್ರವಿರಬಹುದು, ಬಿಳಿ ಸೆರಗೆಂದು ಸುಮ್ಮನಿರಬೇಡಿ. ಎರಡು ಮೂರು ವಾರ ಅಲ್ಪಸ್ವಲ್ಪ ಕಂದು ಬಣ್ಣದ ಸ್ರಾವ, ದಾರದ ತುಣುಕು ಬರುವುದು ಸಹಜ.

ಆಮೇಲೂ ಪ್ಯಾಪ್ ಸ್ಮಿಯರ್ ಮಾಡಿಸ್ಬೇಕಾ? ಫೈಲ್ ಬಿಸಾಕ್ಬೋದಾ?

ಗರ್ಭಕೋಶದ ಬಾಯಿಯೂ ಹೋಗಿದ್ದು, ಹಿಂದೆ ಪ್ಯಾಪ್‌ನಲ್ಲಿ ದೋಷ ಬಂದಿರದಿದ್ದರೆ ಸಾಮಾನ್ಯವಾಗಿ ಬೇಕಿಲ್ಲ. ತೆಗೆದ ಗರ್ಭಕೋಶದ ಬಯಾಪ್ಸಿ ವರದಿಯನ್ನು ಮಾತ್ರ ಬಂದು ಇಸಿದುಕೊಳ್ಳಲೇಬೇಕು. ಊರಿಗೆ ಹೋದವರು ಎಷ್ಟೋ ಜನ ಅದಕ್ಕೆ ಬರುವುದೇ ಇಲ್ಲ, ವರದಿಗಳು ನಮ್ಮ ಕಪಾಟಿನಲ್ಲಿ ಧೂಳು ತಿನ್ನುತ್ತವೆ.

ಫೈಲು ಬಿಸಾಕಬೇಡಿ. ಹತ್ತು ವರ್ಷದ ಮೇಲೆ ಹೊಟ್ಟೆ ನೋವೆಂದು ಬೇರೆ ಊರಿನ ಆಸ್ಪತ್ರೆಗೆ ಹೋದಾಗ, ಮೈಮೇಲೆ ಗುರುತೇ ಇಲ್ಲದ ನಿಮ್ಮನ್ನು ನೋಡಿ ಆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. "ಅಂಡಾಶಯ ಇದೆಯೋ, ತೆಗೆದರೋ" ಎಂದು ಕೇಳಿದರೆ "ಎಲ್ಲಾ ತೆಗೆದ್ರು ಅನ್ಸುತ್ತೆ" ಎನ್ನುವವರೇ ಹೆಚ್ಚು. ಡಿಸ್ಚಾರ್ಜ್ ಕಾಗದ ಮತ್ತು ಬಯಾಪ್ಸಿ ವರದಿ, ಎರಡನ್ನೂ ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಇಡಿ.